ನೀವು ಎಲ್ಲಿ ನಿಂತಿದ್ದಿರಿ

ಭದ್ರಾವತಿ
12 ಜೂನ್ 2023

ಜಗದಾಂಬಾ ಮೇಡಂ ಅವರಿಗೆ ಹಾಲೇಶ್ ಮಾಡುವ ನಮಸ್ಕಾರಗಳು.

ನೀವು ಅಂಚೆಯಲ್ಲಿ ಕಥೆ ಬರೆಯುವುದನ್ನು ಕಲಿಸುತ್ತೀರಿ ಎಂದು ಪೇಪರಿನಲ್ಲಿ ಓದಿ ಬರೆಯುತ್ತಿದ್ದೇನೆ. ನಾನು ಭದ್ರಾವತಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಓದಿದ್ದು ಎಸೆಸೆಲ್ಸಿ.

ನನಗೆ ಕಥೆಗಾರ ಆಗುವ ಆಸೆ ಇಲ್ಲ ಮೇಡಂ. ನನ್ನ ತಮ್ಮ ನಾಗೇಶ ಹದಿನಾರು ತಿಂಗಳಿಂದ ಜೈಲಿನಲ್ಲಿದ್ದಾನೆ. ನಮ್ಮ ಅಂಗಡಿಯ ಆಳು ಮಾರಪ್ಪನನ್ನು ಮಲವಗೊಪ್ಪದ ಹತ್ತಿರ ರಸ್ತೆಯಲ್ಲಿ ಜನ ಸೇರಿ ಹೊಡೆದು ಕೊಂದರು. ಬಿಡಿಸಲು ಹೋದವನು ನಾಗೇಶ. ಕೊಂದವನು ಎಂದು ಒಳಗೆ ಹಾಕಿರುವುದೂ ನಾಗೇಶನನ್ನೇ. ಯಾರೋ ಮೊಬೈಲಿನಲ್ಲಿ ತೆಗೆದ ನಲವತ್ತು ಸೆಕೆಂಡಿನ ವಿಡಿಯೋ ಇದೆ. ಅದರಲ್ಲಿ ಕಬ್ಬಿಣದ ಪೈಪು ಅವನ ಕೈಯಲ್ಲಿದೆ.

ಅವನ ಪರ ಸಾಕ್ಷಿ ನಾನೊಬ್ಬನೇ. ಆದರೆ ಹೇಳಲು ಹೊರಟರೆ ಎಲ್ಲ ಹಿಂದುಮುಂದಾಗುತ್ತದೆ. ಪೊಲೀಸರು ಅರ್ಧಕ್ಕೇ ಸಾಕು ಎದ್ದೇಳು ಅಂದರು. ನಮ್ಮ ವಕೀಲರು ಶಿವಯೋಗಿ ಅಂತ, ಅವರೂ ಬೇಸತ್ತು, "ಏನಯ್ಯಾ ಹಾಲೇಶ, ಸತ್ತ ಮೇಲೆ ಹೊಡೆದ್ರು ಅಂತೀಯ, ಹೊಡೆದ ಮೇಲೆ ಬಂದ ಅಂತೀಯ. ಜಡ್ಜ್ ಮುಂದೆ ಹಿಂಗೇ ಹೇಳಿದ್ರೆ ನಿನ್ ತಮ್ಮಂಗೆ ಜೀವಾವಧಿ ಗ್ಯಾರಂಟಿ. ಎಲ್ಲಾದ್ರೂ ಹೋಗಿ ಕಥೆ ಹೇಳೋದು ಕಲ್ತುಕೊಂಡು ಬಾ ಮಾರಾಯ" ಅಂದರು. ಅವರು ಸಿಟ್ಟಿಗೆ ಅಂದದ್ದು. ನಾನು ನಿಜಕ್ಕೂ ಬರೆಯುತ್ತಿದ್ದೇನೆ. ಕೆಳಗೆ ನನ್ನ ಮೊದಲ ಪ್ರಯತ್ನ.

"ಮಾರಪ್ಪ ಸತ್ತ. ರಕ್ತ ಬಹಳ ಇತ್ತು. ಕೇಬಲ್ ಕದ್ದದ್ದಲ್ಲ. ನಾಗೇಶ ಪೈಪು ಕಿತ್ತುಕೊಂಡ. ಆಗ ಯಾರೋ ಹೊಡೆದರು. ನಾವು ಬರುವಷ್ಟರಲ್ಲಿ ಜನ ಸೇರಿದ್ದರು. ಮಾರಪ್ಪ ಒಳ್ಳೆಯವನು."

ಇದರ ಮುಂದೆ ಕೈ ಓಡುವುದಿಲ್ಲ.

ಇಂತಿ,
ಹಾಲೇಶ್


ವಿದ್ಯಾನಗರ, ಶಿವಮೊಗ್ಗ
21 ಜೂನ್ 2023

ಹಾಲೇಶ್ ಅವರಿಗೆ,

ನನ್ನ ಹತ್ತಿರ ಮೂವತ್ತೊಂದು ಜನ ಕಲಿಯುತ್ತಿದ್ದಾರೆ. ಇಪ್ಪತ್ತೆಂಟು ಜನ ಮಳೆಯ ಬಗ್ಗೆ ಬರೆದು ಕಳಿಸುತ್ತಾರೆ. ಛತ್ರಿ ಹಿಡಿದುಕೊಂಡು ಓದಿ ಸಾಕಾಗಿದೆ. ನಿಮ್ಮ ಏಳು ಸಾಲು ಓದಿ ನಾನು ಎದ್ದು ಕೂತೆ.

ಆದರೂ ಒಂದು ಎಚ್ಚರಿಕೆ. ಕಥೆ ಬೇರೆ, ಸಾಕ್ಷಿ ಬೇರೆ. ಕಥೆಯಲ್ಲಿ ಇಲ್ಲದ್ದನ್ನು ತರಬಹುದು, ಇರುವುದನ್ನು ಬಿಡಬಹುದು. ಕಟಕಟೆಯಲ್ಲಿ ಎರಡೂ ತಪ್ಪು. ನಾನು ಕಲಿಸಬಲ್ಲದ್ದು ಕ್ರಮವನ್ನು ಮಾತ್ರ. ಯಾವುದು ಮೊದಲು, ಯಾವುದು ಆಮೇಲೆ, ಯಾರು, ಯಾವುದರಿಂದ.

ನನ್ನ ನಿಯಮಗಳು. ಹಾಳೆಯ ಒಂದೇ ಮಗ್ಗುಲಿಗೆ ಬರೆಯಬೇಕು, ಎಡಕ್ಕೆ ನಾಲ್ಕು ಬೆರಳು ಜಾಗ ಬಿಡಬೇಕು, ನನ್ನ ಕೆಂಪು ಶಾಯಿಗೆ ಅದು ಬೇಕು. ಫೋನು, ವಾಟ್ಸಾಪ್ ಇಲ್ಲ. ಬರೆದು ಮುಗಿಯುವವರೆಗೆ ಮನೆಗೆ ಬರುವಂತಿಲ್ಲ. ಎದುರು ಕೂತರೆ ಜನ ಬಾಯಲ್ಲಿ ವಿವರಿಸಿ ಕಾಗದವನ್ನು ಖಾಲಿ ಬಿಡುತ್ತಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ಕಲಿತದ್ದು ಇದು.

ಈಗ ನಿಮ್ಮ ಏಳು ಸಾಲು. "ರಕ್ತ ಬಹಳ ಇತ್ತು." ಬಹಳ ಎಂದರೆ ಎಷ್ಟು? ಚಪ್ಪಲಿಗೆ ಅಂಟುವಷ್ಟೇ? "ಮಾರಪ್ಪ ಒಳ್ಳೆಯವನು." ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಅವನು ಏನು ಮಾಡುತ್ತಿದ್ದ ಹೇಳಿ, ಒಳ್ಳೆಯವನೋ ಅಲ್ಲವೋ ನಾವೇ ತಿಳಿಯುತ್ತೇವೆ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಏಳು ಸಾಲಿನಲ್ಲಿ ಎಲ್ಲರೂ ಇದ್ದಾರೆ, ಹೇಳುತ್ತಿರುವವನೇ ಇಲ್ಲ. ಇದೆಲ್ಲ ನಡೆಯುವಾಗ ನೀವು ಎಲ್ಲಿ ನಿಂತಿದ್ದಿರಿ?

ಅದನ್ನು ಮೊದಲು ಬರೆಯಿರಿ. ಮಿಕ್ಕದ್ದು ತಾನಾಗಿ ಸಾಲಿಗೆ ನಿಲ್ಲುತ್ತದೆ.

ಜಗದಾಂಬಾ ಪರಮೇಶ್ವರಪ್ಪ


ಭದ್ರಾವತಿ
15 ಜುಲೈ 2023

ಮೇಡಂ ಅವರಿಗೆ ನಮಸ್ಕಾರ.

ತಡವಾಯಿತು, ಕ್ಷಮಿಸಿ. ನಾಗೇಶನನ್ನು ನೋಡಲು ಹೋಗಿದ್ದೆ. ಮುಂದಿನ ಎರಡು ಹಲ್ಲು ಇಲ್ಲ. "ಬಚ್ಚಲಲ್ಲಿ ಜಾರಿ ಬಿದ್ದೆ ಕಣಣ್ಣ" ಎಂದ. ಜಾರಿ ಬಿದ್ದರೆ ಕುತ್ತಿಗೆಯ ಮೇಲೆ ಬೆರಳಿನ ಗುರುತು ಯಾಕೆ ಬರುತ್ತದೆ? ಪಕ್ಕದಲ್ಲಿ ಪೊಲೀಸಿನವನು ನಿಂತಿದ್ದ, ಅದಕ್ಕೇ ನಾನು ಕೇಳಲಿಲ್ಲ.

ಎರಡನೇ ಸಲ ಬರೆದದ್ದು ಇಲ್ಲಿದೆ.

"2022ರ ಫೆಬ್ರವರಿ 19, ಶನಿವಾರ, ಸಂಜೆ ಐದು ಗಂಟೆ. ಶಿವಮೊಗ್ಗದ ಕಡೆಯ ಒಂದು ತೋಟಕ್ಕೆ ರಿಪೇರಿ ಆದ ಮೋಟಾರು ಮತ್ತು ಅರವತ್ತು ಮೀಟರ್ ಕೇಬಲ್ ಕೊಡಬೇಕಿತ್ತು. ಕೇಬಲ್ ಸುರುಳಿಯನ್ನು ಟಿವಿಎಸ್ಸಿಗೆ ಕಟ್ಟಿಕೊಂಡು ಮಾರಪ್ಪ ಮುಂದೆ ಹೋದ. ಮೋಟಾರನ್ನು ಬೈಕಿಗೆ ಬಿಗಿದುಕೊಂಡು ಅಣ್ಣ ತಮ್ಮ ಹಿಂದೆ ಹೊರಟರು. ಆ ತಿಂಗಳು ಆ ಕಡೆಯ ತೋಟಗಳಲ್ಲಿ ಪಂಪ್‌ಸೆಟ್ ಕೇಬಲ್ ಕಳುವಾಗುತ್ತಿತ್ತು, ತಾಮ್ರಕ್ಕಾಗಿ. ಮಲವಗೊಪ್ಪದ ಹತ್ತಿರ ಎಂಟು ಹತ್ತು ಜನ ಮಾರಪ್ಪನನ್ನು ತಡೆದರು. 'ಯಾವ ತೋಟದ್ದೋ ಇದು?' ಎಂದರು. 'ಹಾಲೇಶಣ್ಣನ ಅಂಗಡೀದು ಸ್ವಾಮಿ, ಹಿಂದೆ ಬರ್ತಾವ್ರೆ, ಬಿಲ್ ಅವರ ಹತ್ರ ಐತೆ' ಎಂದ. ಯಾರೋ ಮೊಣಕಾಲಿಗೆ ಪೈಪಿನಿಂದ ಹೊಡೆದರು. ಆಮೇಲೆ ಪಕ್ಕೆಗೆ. ಮಾರಪ್ಪ ಬಿದ್ದ. ಬಿದ್ದ ಮೇಲೆ ಎಲ್ಲರೂ ಸೇರಿಕೊಂಡರು. ಒಬ್ಬ ಕಲ್ಲು ತಂದ. ಇನ್ನೊಬ್ಬ ಟಿವಿಎಸ್ಸನ್ನೇ ಎತ್ತಿ ಕಾಲಿನ ಮೇಲೆ ಹಾಕಿದ. ನಾಗೇಶ ಓಡಿ ಬಂದು ಪೈಪು ಕಿತ್ತುಕೊಂಡ. ವಿಡಿಯೋ ಶುರುವಾಗುವುದು ಅಲ್ಲಿಂದ. ರಕ್ತ ಚಪ್ಪಲಿಗೆ ಅಂಟಲಿಲ್ಲ. ಡಾಂಬರಿನ ಮೇಲೆ ಹರಿದು ಮಣ್ಣಿಗೆ ಇಳಿಯಿತು, ಅಲ್ಲಿ ಕಪ್ಪಾಯಿತು."

ನಾನು ಅಲ್ಲೇ ಇದ್ದೆ ಮೇಡಂ.

ಹಾಲೇಶ್


ವಿದ್ಯಾನಗರ, ಶಿವಮೊಗ್ಗ
24 ಜುಲೈ 2023

ಹಾಲೇಶ್ ಅವರಿಗೆ,

ಭೇಷ್! ಕೊನೆಯ ಎರಡು ಸಾಲನ್ನು ನಾನು ಎರಡು ಸಲ ಓದಿದೆ. ಆ ರಾತ್ರಿ ಊಟ ಸೇರಲಿಲ್ಲ. ನನ್ನ ಮಳೆಯ ಶಿಷ್ಯರು ಇಂಥದ್ದನ್ನು ಬರೆಯಲು ಇನ್ನೂ ಹತ್ತು ಮಳೆಗಾಲ ಬೇಕು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎನ್ನುತ್ತಾರಲ್ಲ, ಒಬ್ಬ ಮನುಷ್ಯ ನಿಮಿಷದಲ್ಲಿ ಮುರಿದುಹೋಗುವುದನ್ನು ನೀವು ತೋರಿಸಿದ್ದೀರಿ.

ಈಗ ಬೈಗುಳ. "ಅಲ್ಲೇ ಇದ್ದೆ" ಎನ್ನುವುದು ಉತ್ತರವಲ್ಲ, ತಪ್ಪಿಸಿಕೊಳ್ಳುವುದು. ಅಲ್ಲೇ ಎಂದರೆ ಎಲ್ಲಿ? ಅಣ್ಣ ತಮ್ಮ ಒಂದೇ ಬೈಕಿನಲ್ಲಿ ಬಂದಿರಿ. ತಮ್ಮ ಓಡಿದ. ಅಣ್ಣನ ಕಾಲು ಎಲ್ಲಿತ್ತು?

ಇನ್ನೊಂದು. "ಯಾರೋ ಹೊಡೆದರು" ಎಂಬುದರ ಸುತ್ತ ಕೆಂಪು ಗೆರೆ ಎಳೆದಿದ್ದೇನೆ, ನೋಡಿ. ಯಾರೋ ಎನ್ನುವ ಹೆಸರಿನವರು ಯಾರೂ ಇಲ್ಲ. ಹತ್ತು ಜನ ಒಟ್ಟಿಗೆ ಕೈ ಎತ್ತುವುದಿಲ್ಲ ಹಾಲೇಶ್. ಒಬ್ಬ ಎತ್ತುತ್ತಾನೆ, ಮಿಕ್ಕವರಿಗೆ ಅಪ್ಪಣೆ ಸಿಗುತ್ತದೆ. ನಿಮ್ಮ ಕಥೆಯೆಲ್ಲ ಆ ಮೊದಲನೆಯವನ ಮೇಲೆ ನಿಂತಿದೆ. ನಿಮ್ಮ ತಮ್ಮ ಪೈಪು ಕಿತ್ತುಕೊಂಡದ್ದು ಅವನ ಕೈಯಿಂದಲೇ ಇರಬೇಕಲ್ಲ? ಹೆಸರು ಗೊತ್ತಿಲ್ಲದಿದ್ದರೆ ಬೇಡ. ಮುಖ ಮರೆತಿದ್ದರೆ ಬೇಡ. ಕೈ ನೋಡಿ. ಕೈ ಏನು ಮಾಡಿತು ಬರೆಯಿರಿ.

ಅವನನ್ನು ಬರೆಯದೆ ಬಿಟ್ಟರೆ ನಿಮ್ಮ ತಮ್ಮ ಹೊರಗೆ ಬರುವುದಿಲ್ಲ.

ಜಗದಾಂಬಾ


ಭದ್ರಾವತಿ
11 ಆಗಸ್ಟ್ 2023

ಮೇಡಂ,

ಇದನ್ನು ಯಾರಿಗೂ ಹೇಳಿಲ್ಲ. ವಕೀಲರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ನೀವು ಎರಡು ಸಲ ಕೇಳಿದಿರಿ.

ನಾನು ಲಾರಿಯ ಹಿಂದೆ ನಿಂತಿದ್ದೆ.

ಜನ ಕಂಡ ಕೂಡಲೇ ನಾಗೇಶ ಬೈಕ್ ನಿಲ್ಲಿಸಿದ. ಹಿಂದೆ ಮೋಟಾರಿನ ಭಾರ, ಸ್ಟ್ಯಾಂಡ್ ನಿಲ್ಲುತ್ತಿರಲಿಲ್ಲ. ಅವನು ಹಿಡಿದುಕೊಂಡು ನಿಂತ. "ಬಿಲ್ ನಿನ್ ಹತ್ರ ಐತಲ್ಲ, ಹೋಗಿ ತೋರ್ಸು, ಬಿಡ್ತಾರೆ" ಎಂದ. ಬಿಲ್ ನನ್ನ ಅಂಗಿ ಜೇಬಿನಲ್ಲಿತ್ತು. ನಾನು ನಡೆದೆ. ರಸ್ತೆ ಬದಿಗೆ ಒಂದು ಲಾರಿ ನಿಂತಿತ್ತು. ಅದರ ಹತ್ತಿರ ಬಂದಾಗ ಆ ಮನುಷ್ಯನನ್ನು ನೋಡಿದೆ.

ನಲವತ್ತು ವರ್ಷ ಇರಬಹುದು. ಬಿಳಿ ಅಂಗಿ. ಎಲ್ಲರೂ ಕೂಗುತ್ತಿದ್ದರು, ಅವನು ಕೂಗಲಿಲ್ಲ. ಬಲಗೈಯಲ್ಲಿದ್ದ ವಾಚನ್ನು ಬಿಚ್ಚಿದ. ನಿಧಾನವಾಗಿ. ಜೇಬಿಗೆ ಹಾಕಿ ಜೇಬಿನ ಗುಂಡಿ ಹಾಕಿಕೊಂಡ. ತೋಳು ಎರಡು ಮಡಿಕೆ ಮಡಿಸಿದ. ಅಲ್ಲೇ ನಿಲ್ಲಿಸಿದ್ದ ತನ್ನ ಜೀಪಿನಿಂದ ಪೈಪು ತಂದ. ಎಡಗೈಯಲ್ಲಿ ಹಿಡಿದಿದ್ದ, ಎಡಚ. ಯಾರೋ ಮಾರಪ್ಪನ ಕಪಾಳಕ್ಕೆ ಕೈ ಎತ್ತಿದಾಗ ಅವನನ್ನು ತಡೆದು, "ಮುಖಕ್ಕೆ ಬೇಡ ಮಾರಾಯ. ಮುಖಕ್ಕೆ ಹೊಡೆದ್ರೆ ಗೊತ್ತಾಗುತ್ತೆ" ಎಂದ. ಬುದ್ಧಿ ಹೇಳುವ ಹಾಗೆ ಹೇಳಿದ ಮೇಡಂ. ಆಮೇಲೆ ಮೊಣಕಾಲಿಗೆ ಬೀಸಿದ.

ಆ ಸದ್ದು ಬರೆಯಲು ಬರುವುದಿಲ್ಲ. ಮಾರಪ್ಪ "ಅಣ್ಣಾ" ಎಂದು ಕೂಗಿದ. ನನ್ನನ್ನೇ ಕೂಗಿದ್ದು. ನಾನು ಒಂದು ಹೆಜ್ಜೆ ಹಿಂದಿಟ್ಟು ಲಾರಿಯ ಚಕ್ರಕ್ಕೆ ಒರಗಿ ಬಾಯಿ ಮುಚ್ಚಿಕೊಂಡೆ. ಎರಡನೆಯದು ಪಕ್ಕೆಗೆ. ಮೂರನೆಯದೂ ಪಕ್ಕೆಗೆ. ಮಾರಪ್ಪ ಉಸಿರು ಎಳೆದುಕೊಂಡ, ಬಿಡಲು ಆಗಲಿಲ್ಲ, ಬಾಯಿಂದ ನೊರೆ ಬಂತು. ಆಗ ಮಿಕ್ಕವರು ಮೇಲೆ ಬಿದ್ದರು. ಒದೆಯುವವರಿಗೆ ಕಾಲಿಡಲು ಜಾಗ ಸಾಲದೆ ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಕಲ್ಲು ತಂದವನು ತಲೆಗೇ ಹಾಕಿದ. ಆಮೇಲೆ ಮುಖ ಎನ್ನುವುದೇ ಉಳಿಯಲಿಲ್ಲ.

ಹಿಂದೆ ಧಡ್ ಎಂದಿತು. ನಾಗೇಶ ಬೈಕನ್ನು ಕೈಬಿಟ್ಟಿದ್ದ, ಮೋಟಾರು ರಸ್ತೆಗೆ ಬಿತ್ತು. ನನ್ನ ಪಕ್ಕದಿಂದಲೇ ಓಡಿದ, ನನ್ನನ್ನು ನೋಡಲಿಲ್ಲ. ಬಿಳಿ ಅಂಗಿಯವನ ಕೈಯಿಂದ ಪೈಪು ಕಿತ್ತ. ಅವನು ಜಗಳವಾಡದೆ ಬಿಟ್ಟುಕೊಟ್ಟ. ಹೊರಗೆ ಬಂದು ವಾಚ್ ತೆಗೆದು ಕಟ್ಟಿಕೊಂಡ, ಟೈಮ್ ನೋಡಿಕೊಂಡ, ಜೀಪು ಹತ್ತಿ ಹೋದ. ಆಮೇಲೆ ಯಾರೋ ಮೊಬೈಲ್ ತೆಗೆದದ್ದು.

ಬಿಲ್ ಈಗಲೂ ನನ್ನ ಹತ್ತಿರ ಇದೆ. ಮಾರಪ್ಪನ ಹೆಂಡತಿ ದ್ಯಾಮಮ್ಮ ಒಂದು ದಿನ ಕೇಳಿದಳು, "ಬಿಲ್ ಇದ್ದಿದ್ರೆ ಬಿಡ್ತಿದ್ರಾ ಹಾಲೇಶಣ್ಣ?" ನಾನು ಗೊತ್ತಿಲ್ಲ ಎಂದೆ.

ಇದನ್ನು ತಿದ್ದಿ ಕಳಿಸಿ ಮೇಡಂ. ನೀವು ಸರಿ ಎಂದರೆ ವಕೀಲರಿಗೆ ಕೊಡುತ್ತೇನೆ. ಆ ಮನುಷ್ಯನನ್ನು ಎಲ್ಲಿ ಕಂಡರೂ ನಾನು ಗುರುತು ಹಿಡಿಯುತ್ತೇನೆ.

ಹಾಲೇಶ್


ಭದ್ರಾವತಿ
20 ಸೆಪ್ಟೆಂಬರ್ 2023

ಮೇಡಂ ಅವರಿಗೆ,

ನನ್ನ ಹಿಂದಿನ ಕಾಗದ ತಲುಪಿತೇ? ನಲವತ್ತು ದಿನವಾಯಿತು. ನಿಮಗೆ ಆರೋಗ್ಯ ಸರಿ ಇಲ್ಲವೇನೋ ಎಂದು ನನ್ನ ಹೆಂಡತಿ ಕವನ ಕೇಳುತ್ತಿದ್ದಾಳೆ. ಅಥವಾ ನಾನು ಬರೆದದ್ದು ಓದಿ ಅಸಹ್ಯವಾಯಿತೇ? ಹಾಗಿದ್ದರೆ ಅದನ್ನೇ ಬರೆಯಿರಿ, ಬೇಜಾರಿಲ್ಲ. ಡಿಸೆಂಬರ್ ಐದಕ್ಕೆ ನನ್ನ ಸಾಕ್ಷಿ.

ಹಾಲೇಶ್


ವಿದ್ಯಾನಗರ, ಶಿವಮೊಗ್ಗ
19 ಅಕ್ಟೋಬರ್ 2023

ಶ್ರೀ ಹಾಲೇಶ್ ಅವರಿಗೆ,

ವಿಳಂಬಕ್ಕೆ ವಿಷಾದಿಸುತ್ತೇನೆ. ನಿಮ್ಮ ಬರಹವನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇನೆ.

ಬಿಳಿ ಅಂಗಿಯ ವ್ಯಕ್ತಿಯ ಭಾಗವನ್ನು ಪೂರ್ತಿ ತೆಗೆದುಹಾಕುವುದು ಒಳ್ಳೆಯದು. ಪಾತ್ರಗಳು ಹೆಚ್ಚಾದಷ್ಟೂ ಬರಹ ಚದುರುತ್ತದೆ. ವಾಚು, ಗುಂಡಿ, ತೋಳಿನ ಮಡಿಕೆ ಇವೆಲ್ಲ ಅಂಥ ಗಳಿಗೆಯಲ್ಲಿ ನೋಡಿದವನ ಕಣ್ಣಿಗೆ ಬೀಳುವಂಥವಲ್ಲ. ಕೇಳಿದವರಿಗೆ ಕಟ್ಟಿದ್ದು ಎನ್ನಿಸುತ್ತದೆ. ಹಿಂದೆ ನಾನು ಮೊದಲನೆಯವನನ್ನು ಹುಡುಕಿ ಎಂದದ್ದು ನನ್ನದೇ ತಪ್ಪು ಸಲಹೆ. ಗುಂಪನ್ನೇ ಒಂದು ಪಾತ್ರವೆಂದು ತಿಳಿಯಿರಿ. "ಜನ ಹೊಡೆದರು" ಎಂದರೆ ಸಾಕು. ಅದರಲ್ಲೇ ಘನತೆ ಇದೆ.

ಹಾಗೆ ಮಾಡಿದರೆ ಲಾರಿಯ ಹಿಂದೆ ನಿಂತ ವಿಷಯವನ್ನೂ ಹೇಳಬೇಕಾಗುವುದಿಲ್ಲ. ಅದು ನಿಮಗೂ ನೆಮ್ಮದಿ. ನೀವು ತಮ್ಮನ ಜೊತೆಗೇ ಬಂದಿರಿ, ಬರುವಷ್ಟರಲ್ಲಿ ಜನ ಹೊಡೆಯುತ್ತಿದ್ದರು. ಅಲ್ಲಿಂದ ಆರಂಭಿಸಿ. ತಿದ್ದಿದ ಪ್ರತಿ ಇದರೊಡನೆ ಇದೆ. ವಕೀಲರಿಗೆ ಇದನ್ನೇ ಕೊಡಿ.

ಜಗದಾಂಬಾ ಪರಮೇಶ್ವರಪ್ಪ


ಭದ್ರಾವತಿ
2 ನವೆಂಬರ್ 2023

ಮೇಡಂ,

ನಿಮ್ಮ ಪ್ರತಿಯನ್ನು ಕವನಳಿಗೆ ಓದಿಸಿದೆ. ಚೆನ್ನಾಗಿದೆ, ಓಡುತ್ತದೆ ಎಂದಳು. ಆದರೆ ನನಗೊಂದು ಅನುಮಾನ. ಮೊದಲು ಹೊಡೆದವನು ಅವನೇ ಮೇಡಂ. ಅವನನ್ನು ತೆಗೆದರೆ ಪೈಪು ನಾಗೇಶನ ಕೈಗೆ ಯಾರ ಕೈಯಿಂದ ಬಂತು? ಜುಲೈಯಲ್ಲಿ ನೀವೇ ಕೇಳಿದ್ದಿರಿ.

ನಾನು ಎಸೆಸೆಲ್ಸಿ, ನೀವು ಗುರುಗಳು. ಒಂದು ಮಾತು ಬರೆದು ತಿಳಿಸಿ.

ನಿಜ ಹೇಳಬೇಕೆಂದರೆ ಲಾರಿಯ ವಿಷಯ ಬೇಡ ಎಂದಿದ್ದಕ್ಕೆ ನನ್ನ ಎದೆ ಹಗುರವಾಯಿತು. ಎರಡು ವರ್ಷದಲ್ಲಿ ಮೊದಲ ಸಲ ಆ ರಾತ್ರಿ ನಿದ್ದೆ ಬಂತು.

ಹಾಲೇಶ್


(ಅಂಚೆ ಕಾರ್ಡು)
ಶಿವಮೊಗ್ಗ
13 ನವೆಂಬರ್ 2023

ಅವನು ಬೇಡ. ಬಿಡಿ.
ಜ. ಪ.


ಭದ್ರಾವತಿ
9 ಡಿಸೆಂಬರ್ 2023

ಮೇಡಂ,

ಸಾಕ್ಷಿ ಮುಗಿಯಿತು. ನೀವು ಕಲಿಸಿದ ಹಾಗೇ ಹೇಳಿದೆ, ಒಂದು ಸಲವೂ ತಡವರಿಸಲಿಲ್ಲ. ಶಿವಯೋಗಿಯವರು ತಲೆ ಆಡಿಸುತ್ತಿದ್ದರು. ಆಮೇಲೆ ಸರ್ಕಾರಿ ವಕೀಲರು ಪಾಟೀಸವಾಲಿಗೆ ಎದ್ದರು.

"ನಿನ್ ತಮ್ಮ ಪೈಪು ಯಾರ ಕೈಯಿಂದ ಕಿತ್ತುಕೊಂಡ?"

"ಜನರ ಕೈಯಿಂದ ಸ್ವಾಮಿ."

"ಜನರಿಗೆ ಕೈ ಎಷ್ಟು?"

ಹಿಂದೆ ಯಾರೋ ನಕ್ಕರು.

"ಹತ್ತು ಜನದಲ್ಲಿ ಒಬ್ಬನ ಗುರುತು ಹೇಳು. ಎತ್ತರ, ಬಣ್ಣ, ಅಂಗಿ, ಏನಾದ್ರೂ."

ನನ್ನ ಬಾಯಲ್ಲಿ ವಾಚು ಬಂದಿತ್ತು ಮೇಡಂ. ನುಂಗಿಕೊಂಡೆ. ಅದು ಕಟ್ಟಿದ್ದು ಅನ್ನಿಸುತ್ತದೆ ಎಂದಿದ್ದಿರಲ್ಲ. "ನೆನಪಿಲ್ಲ" ಎಂದೆ.

"ಪೊಲೀಸರ ಹತ್ರ ಹಿಂದುಮುಂದಾಗಿ ಹೇಳಿದ್ದವನು ಇವತ್ತು ಪಾಠ ಒಪ್ಪಿಸಿದ ಹಾಗೆ ಹೇಳ್ತಿದ್ದಾನೆ. ಇವನಿಗೆ ಯಾರೋ ಹೇಳಿಕೊಟ್ಟಿದ್ದಾರೆ ಸ್ವಾಮಿ" ಎಂದು ಅವರು ಕೂತರು. ನ್ಯಾಯಾಧೀಶರು ನನ್ನನ್ನು ಒಂದು ಸಲ ನೋಡಿ ಬರೆದುಕೊಂಡರು.

ನಾಗೇಶ ಅಲ್ಲೇ ನಿಂತಿದ್ದ. ನನ್ನ ಕಡೆ ನೋಡಲಿಲ್ಲ. ಹೊರಗೆ ದ್ಯಾಮಮ್ಮ ಬಂದು ನನ್ನ ಮುಖಕ್ಕೆ ಉಗಿದಳು. ಮಾರನೆಯ ದಿನ ಜೈಲಿಗೆ ಹೋದೆ, ನಾಗೇಶ ನೋಡಲು ಒಪ್ಪಲಿಲ್ಲ. ಆ ರಾತ್ರಿ ಅವನು ತಟ್ಟೆಯ ಅಂಚನ್ನು ಕಲ್ಲಿಗೆ ಉಜ್ಜಿ ಕೈ ಕೊಯ್ದುಕೊಂಡ. ಬದುಕಿದ್ದಾನೆ. ಹನ್ನೊಂದು ಹೊಲಿಗೆ.

ನಿಮ್ಮ ತಪ್ಪಿಲ್ಲ. ನನಗೇ ಕಲಿಯಲು ಬರಲಿಲ್ಲ. ಮೋಟಾರ್ ಸುತ್ತುವವನು ಕಥೆ ಕಟ್ಟಲು ಹೋಗಬಾರದಿತ್ತು. ತೀರ್ಪು ಫೆಬ್ರವರಿ ಕೊನೆಯಲ್ಲಂತೆ. ಇನ್ನು ಬರೆಯುವುದಿಲ್ಲ. ಉಪಕಾರವಾಯಿತು.

ಹಾಲೇಶ್


ಕೋಟೆ, ಶಿವಮೊಗ್ಗ
22 ಜನವರಿ 2024

ಹಾಲೇಶ್,

ಅಕ್ಷರ ನೋಡಿ ಯಾರದೆಂದು ತಿಳಿಯದಿರಬಹುದು. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಈ ಎರಡು ಹಾಳೆಗೆ ಐದು ದಿನ ಹಿಡಿಯಿತು. ನಾನೀಗ ಕೋಟೆಯಲ್ಲಿ ನನ್ನ ಅಕ್ಕ ಶಂಕರಮ್ಮನ ಮನೆಯಲ್ಲಿದ್ದೇನೆ.

ಬಿಳಿ ಅಂಗಿಯವನು ನನ್ನ ಮಗ ರುದ್ರೇಶ.

ನಿಮ್ಮ ಆಗಸ್ಟ್ ಕಾಗದದಲ್ಲಿ ವಾಚು ಬಿಚ್ಚಿದ ಸಾಲಿಗೆ ಬಂದಾಗಲೇ ನನಗೆ ತಿಳಿಯಿತು. ಮುಂದಿನ ಸಾಲುಗಳನ್ನು ಓದುವ ಮೊದಲೇ ಅವು ನನಗೆ ಗೊತ್ತಿದ್ದವು. ಅವನ ಅಪ್ಪನೂ ಹೊಡೆಯುವ ಮೊದಲು ವಾಚು ಬಿಚ್ಚುತ್ತಿದ್ದರು. ಇಪ್ಪತ್ತಾರು ವರ್ಷ, ಅವರು ಸಾಯುವವರೆಗೆ. ಬೀರುವಿನ ಮೇಲೆ ವಾಚು ಇಟ್ಟ ಟಕ್ ಎಂಬ ಸದ್ದು ಕೇಳಿದರೆ ನಾನು ಅಡುಗೆಮನೆಯಲ್ಲಿ ಒಲೆ ಆರಿಸುತ್ತಿದ್ದೆ, ಸಾರು ಸೀಯದಿರಲೆಂದು. ಅವರೂ ಮುಖಕ್ಕೆ ಹೊಡೆಯುತ್ತಿರಲಿಲ್ಲ. ನಾನು ಕಾಲೇಜಿಗೆ ಪಾಠಕ್ಕೆ ಹೋಗಬೇಕಿತ್ತಲ್ಲ. ರುದ್ರೇಶ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ಚಿಕ್ಕವನು, ಅವನಿಗೇನು ತಿಳಿಯುತ್ತದೆ ಎಂದುಕೊಂಡಿದ್ದೆ. ಅವನು ಎಲ್ಲವನ್ನೂ ಕಲಿಯುತ್ತಿದ್ದ.

ಅವನಿಗೆ ಮಲವಗೊಪ್ಪದ ಹತ್ತಿರ ತೋಟವಿದೆ. ಮೂರು ಸಲ ಕೇಬಲ್ ಕಳುವಾಗಿತ್ತು. ಆ ಶನಿವಾರ ಸಂಜೆ ಏಳಕ್ಕೆ ಮನೆಗೆ ಬಂದ. "ಒಬ್ಬ ಕಳ್ಳ ಸಿಕ್ಕಿದ್ದ ಅಮ್ಮಾ, ಎರಡು ಕೊಟ್ಟು ಬಂದೆ" ಎಂದ. ಅಂಗಿಯ ಮೇಲೆ ಕಲೆ ಇತ್ತು. ಮರುದಿನ ಅಂಗಿ ಹಗ್ಗದ ಮೇಲೆ ಒಣಗುತ್ತಿತ್ತು. ಸೋಮವಾರದ ಪೇಪರಿನಲ್ಲಿ ಸುದ್ದಿ ಓದಿದೆ. ಸಂಬಂಧ ಕಲ್ಪಿಸಲಿಲ್ಲ. ಬೇರೆಯವರ ಕಥೆ ತಿದ್ದುವವಳಿಗೆ ಎರಡು ಸಾಲು ಜೋಡಿಸಲು ಬರಲಿಲ್ಲವೆಂದರೆ ಯಾರು ನಂಬುತ್ತಾರೆ?

ನಿಮ್ಮ ಕಾಗದವನ್ನು ದಿಂಬಿನ ಕೆಳಗಿಟ್ಟು ಎರಡು ತಿಂಗಳು ಮಲಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಆಮೇಲೆ ನನಗೆ ಬರುವ ಒಂದೇ ವಿದ್ಯೆಯಿಂದ ಅವನನ್ನು ಅಳಿಸಿದೆ. ಪಾತ್ರ ಹೆಚ್ಚಾಯಿತು ಎಂದೆ, ಘನತೆ ಎಂದೆ. ಮೂವತ್ತು ವರ್ಷದಲ್ಲಿ ನಾನು ಕೊಟ್ಟ ಅತಿ ಕೆಟ್ಟ ಪಾಠ ಅದು, ಬೇಕೆಂದೇ ಕೊಟ್ಟದ್ದು. ಲಾರಿಯ ಹಿಂದೆ ನಿಂತದ್ದು ನಿಮ್ಮನ್ನು ಸುಡುತ್ತಿದೆ ಎಂದು ಗೊತ್ತಿತ್ತು. ಅದನ್ನೇ ಹಿಡಿದು ನಿಮ್ಮ ಬಾಯಿ ಮುಚ್ಚಿದೆ.

ನಿಮ್ಮ ಡಿಸೆಂಬರ್ ಕಾಗದ ಬಂತು. ಹನ್ನೊಂದು ಹೊಲಿಗೆ ಎಂದು ಓದಿದ ಮೇಲೆ ಕೂರಲಾಗಲಿಲ್ಲ. ರುದ್ರೇಶ ಊಟಕ್ಕೆ ಕೂತಿದ್ದ. "ಮಾರಪ್ಪ ಅನ್ನೋನು ಗೊತ್ತಾ?" ಎಂದು ಕೇಳಿದೆ. ನಿಮ್ಮ ಕಾಗದವನ್ನು ಓದಿ ಹೇಳಿದೆ, ಆಗಸ್ಟಿನದನ್ನು, ಪೂರ್ತಿ. ಅವನು ಕೈ ತೊಳೆದುಕೊಂಡು ಬಂದ. ವಾಚು ಬಿಚ್ಚಿ ಟೇಬಲ್ ಮೇಲೆ ಇಟ್ಟ.

"ಯಾವ ಕೈಲಿ ಬರೀತೀಯಮ್ಮಾ ನೀನು?" ಎಂದ.

ನನ್ನ ಬಲಗೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಒದ್ದ. ಎರಡು ಸಲ. ಮೂರು ಬೆರಳು, ಮಣಿಕಟ್ಟು. ಮುಖಕ್ಕೆ ಹೊಡೆಯಲಿಲ್ಲ.

ಶಿವಯೋಗಿಯವರ ಬಳಿ ಹೋಗಿ ಎಲ್ಲ ಹೇಳಿದ್ದೇನೆ, ನಿಮ್ಮ ಕಾಗದಗಳನ್ನೂ ಕೊಟ್ಟಿದ್ದೇನೆ. ತೀರ್ಪು ಬಂದಿಲ್ಲವಾದ್ದರಿಂದ ನನ್ನನ್ನು ಸಾಕ್ಷಿಗೆ ಕರೆಯಲು, ನಿಮ್ಮನ್ನು ಮತ್ತೆ ಕರೆಯಲು ಅರ್ಜಿ ಹಾಕಿದ್ದಾರೆ. ಮೇಲೆ ಬರೆದಿರುವುದೇ ನಾನು ಹೇಳಬೇಕೆಂದಿರುವುದು.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ.

ಜಗದಾಂಬಾ


ಭದ್ರಾವತಿ
31 ಜನವರಿ 2024

ಜಗದಾಂಬಾ ಅವರಿಗೆ,

ನಿಮ್ಮ ಕಾಗದ ಓದಿ ಮೊದಲು ಒಲೆಗೆ ಹಾಕಲು ಹೋದೆ. ಕವನ ಕಿತ್ತುಕೊಂಡಳು. ಮೂರು ದಿನ ಅಂಗಡಿ ತೆಗೆಯಲಿಲ್ಲ. ಒಂದು ದಿನ ಬಸ್ಸು ಹತ್ತಿ ವಿದ್ಯಾನಗರದವರೆಗೂ ಬಂದೆ. ಅಂಗಡಿಯ ಸುತ್ತಿಗೆ ಚೀಲದಲ್ಲಿತ್ತು. ನಿಮ್ಮ ಮನೆಯ ಗೇಟಿನಲ್ಲಿ ಅವನು ಜೀಪು ತೊಳೆಯುತ್ತಿದ್ದ. ವಾಚು ಕಟ್ಟಿಕೊಂಡೇ ತೊಳೆಯುತ್ತಿದ್ದ. ಅವನ ನಡುನೆತ್ತಿ ನನಗೆ ಹತ್ತು ಅಡಿ ದೂರದಲ್ಲಿತ್ತು. ಒಂದೇ ಏಟು ಸಾಕಿತ್ತು. ಆಗ ನಾಗೇಶನಿಗೆ ಸಾಕ್ಷಿ ಯಾರು ಎಂಬ ಯೋಚನೆ ಬಂತು. ವಾಪಸ್ ಬಸ್ಸು ಹತ್ತಿದೆ.

ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಯುತ್ತದೆಂದು ಹೇಳುವುದೂ ಇಲ್ಲ. ಆದರೆ ಲಾರಿಯ ಹಿಂದಕ್ಕೆ ನೀವು ನನ್ನನ್ನು ತಳ್ಳಲಿಲ್ಲ. ಸುಮ್ಮನಿರಿ ಎಂದಿರಿ, ನಾನು ಖುಷಿಯಿಂದ ಸುಮ್ಮನಾದೆ. ದ್ಯಾಮಮ್ಮನ ಮನೆಗೆ ಹೋಗಿ ಬಿಲ್ ತೋರಿಸಿದೆ. ಅವಳು ಚಪ್ಪಲಿ ತೆಗೆದುಕೊಂಡು ಸುಸ್ತಾಗುವವರೆಗೆ ಹೊಡೆದಳು. ನಾನು ಕೈ ಅಡ್ಡ ಇಡಲಿಲ್ಲ.

ನಿಮ್ಮ ಹಾಳೆಗಳನ್ನು ತಿದ್ದಿ ವಾಪಸ್ ಕಳಿಸುತ್ತಿದ್ದೇನೆ. ಕೆಂಪು ಪೆನ್ನು ತಂದುಕೊಂಡೆ. ಒಂದೇ ಕಡೆ ಗೆರೆ ಎಳೆದಿದ್ದೇನೆ. "ಅಂಗಿಯ ಮೇಲೆ ಕಲೆ ಇತ್ತು. ಮರುದಿನ ಅಂಗಿ ಹಗ್ಗದ ಮೇಲೆ ಒಣಗುತ್ತಿತ್ತು." ಈ ಎರಡು ಸಾಲಿನ ನಡುವೆ ಒಂದು ರಾತ್ರಿ ಇದೆ ಮೇಡಂ.

ಆಗ ನೀವು ಎಲ್ಲಿ ನಿಂತಿದ್ದಿರಿ?

ಹಾಲೇಶ್


ಕೋಟೆ, ಶಿವಮೊಗ್ಗ
9 ಫೆಬ್ರವರಿ 2024

ಹಾಲೇಶ್,

ನಿಂತಿರಲಿಲ್ಲ. ಬಚ್ಚಲಿನಲ್ಲಿ ಒಗೆಯುವ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದೆ.

ಮನೆಯಲ್ಲಿ ವಾಷಿಂಗ್ ಮೆಷಿನ್ ಇದೆ. ಅದಕ್ಕೆ ಹಾಕಲಿಲ್ಲ. ರಕ್ತಕ್ಕೆ ಬಿಸಿನೀರು ತಾಗಿದರೆ ಕಲೆ ಕೂತುಬಿಡುತ್ತದೆ, ತಣ್ಣೀರೇ ಬೇಕು, ಉಪ್ಪು ಹಾಕಿ ತಿಕ್ಕಬೇಕು. ಅದು ನಿಮಗೆ ಹೇಗೆ ಗೊತ್ತು ಎಂದು ಸರ್ಕಾರಿ ವಕೀಲರು ಕೇಳಲಿ. ಇಪ್ಪತ್ತಾರು ವರ್ಷ ನನ್ನ ಸೀರೆಗಳನ್ನು ಹಾಗೇ ಒಗೆದೆ ಎಂದು ಹೇಳುತ್ತೇನೆ. ಎರಡು ಕೊಟ್ಟರೆ ಅಷ್ಟು ರಕ್ತ ಬರುವುದಿಲ್ಲ ಎಂದು ನೀರಿನ ಬಣ್ಣ ನೋಡಿದಾಗಲೇ ನನಗೆ ತಿಳಿಯಿತು. ಪೇಪರು ಓದಿದ ಮೇಲಲ್ಲ. ಹಿಂದಿನ ಕಾಗದದಲ್ಲಿ ಸಂಬಂಧ ಕಲ್ಪಿಸಲಿಲ್ಲ ಎಂದು ಬರೆದದ್ದು ಸುಳ್ಳು. ಆ ಸಾಲು ಹೊಡೆದುಹಾಕಿ.

ಮೇಜಿನ ಮೇಲೆ ಅವನ ವಾಚು ಇತ್ತು. ಬೆಲ್ಟಿನ ಹೊಲಿಗೆಯಲ್ಲಿ ಸ್ವಲ್ಪ ಕೂತಿತ್ತು. ಸೂಜಿಯ ಮೊನೆಯಿಂದ ಕೆರೆದು ಒರೆಸಿ, ಅವನಿಗೆ ಬೆಳಿಗ್ಗೆ ಸಿಗುವ ಹಾಗೆ ದಿಂಬಿನ ಪಕ್ಕದಲ್ಲಿ ಇಟ್ಟೆ. ಅವನು ಕಟ್ಟಿಕೊಂಡು ತೋಟಕ್ಕೆ ಹೋದ. ಆ ಹೊತ್ತಿಗೆ ನಿಮ್ಮ ತಮ್ಮನನ್ನು ಠಾಣೆಗೆ ಕರೆದೊಯ್ದು ಹನ್ನೆರಡು ತಾಸು ಕಳೆದಿತ್ತು.

ಈಗ ಸಾಲುಗಳ ನಡುವೆ ಏನೂ ಉಳಿದಿಲ್ಲ. ನ್ಯಾಯಾಧೀಶರು ಅರ್ಜಿ ಒಪ್ಪಿದ್ದಾರೆ. ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ. ಮಾರಪ್ಪ ಸತ್ತು ಅಂದಿಗೆ ಎರಡು ವರ್ಷ. ಮೊದಲು ನಾನು, ನನ್ನ ನಂತರ ನೀವು. ಹೇಳುವಾಗ ತಡವರಿಸಿದರೆ ತಡವರಿಸಿ, ನಾನು ಕಲಿಸಿದ್ದನ್ನೆಲ್ಲ ಮರೆತುಬಿಡಿ.

ರುದ್ರೇಶ ಬರುತ್ತಾನೆ. ನಮ್ಮಿಬ್ಬರಿಗೂ ಕಾಣುವ ಹಾಗೆ ಮುಂದೆಯೇ ಕೂರುತ್ತಾನೆ, ಅವನನ್ನು ನಾನು ಬಲ್ಲೆ. ನನ್ನ ಹೆಸರು ಕೂಗಿದಾಗ ಅವನು ವಾಚು ಬಿಚ್ಚಬಹುದು. ಬಿಚ್ಚಲಿ. ಆಗ ನಿಮ್ಮನ್ನು ಯಾರೂ ಗುರುತು ಕೇಳಬೇಕಾಗಿಲ್ಲ.

ನಾವು ಒಬ್ಬರನ್ನೊಬ್ಬರು ನೋಡಿಲ್ಲ. ಬಲಗೈಗೆ ಪಟ್ಟಿ ಕಟ್ಟಿಕೊಂಡ ಮುದುಕಿ ನಾನೇ. ಮಾತಾಡಿಸಬೇಕೆಂದಿಲ್ಲ. ಬಿಲ್ ತನ್ನಿ.

ಜಗದಾಂಬಾ